ಓಪನ್‌ವರ್ಟ್ ಹಾಕಿದ ಹಳೆ ರೌಟರ್: ಹಾಗೇ ಮಾರೋದಾ, ಕಂಪನಿ ಫರ್ಮ್‌ವೇರ್‌ಗೆ ತಿರುಗಿಸಿ ಮಾರೋದಾ?

ಕಲಬುರಗಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರಿಗೆ ಆಳಂದ ರಸ್ತೆ ಕಡೆ ಕಿರಾಣಿ ಅಂಗಡಿ ಇದೆ. ಅಂಗಡಿ ಹಿಂದೆಯೇ ಮನೆ. ಎರಡು ಬೇಸಿಗೆ ಹಿಂದೆ ಅವರಿಗೆ ನನ್ನ ಹಳೆ ರೌಟರ್ ಮಾರಿದೆ. ಟಿಪಿ-ಲಿಂಕ್ ಆರ್ಚರ್ ಸಿ7, ಐದನೇ ವರ್ಷನ್, ಒಳಗೆ ಓಪನ್‌ಡಬ್ಲ್ಯುಆರ್‌ಟಿ. ರೌಟರ್ ಓಡಿಸುವ ಒಳಗಿನ ಸಾಫ್ಟ್‌ವೇರ್‌ಗೆ ಫರ್ಮ್‌ವೇರ್ ಅಂತಾರೆ; ಕಂಪನಿಯದ್ದನ್ನು ತೆಗೆದು ಅದರ ಜಾಗಕ್ಕೆ ಹಾಕಿಕೊಳ್ಳುವ ಪುಕ್ಕಟೆ ಫರ್ಮ್‌ವೇರ್ ಇದು. ನಾವು ಬಾಯಲ್ಲಿ ಓಪನ್‌ವರ್ಟ್ ಅಂತೀವಿ, ಇಲ್ಲೂ ಹಾಗೇ ಬರೆಯುತ್ತೇನೆ. ನಾನೇ ಹೋಗಿ ಜೋಡಿಸಿದೆ. ಹೆಸರು, ಪಾಸ್‌ವರ್ಡ್ ಹಾಕಿ, ಅವರ ಮೊಮ್ಮಗನ ಮೊಬೈಲ್‌ನಲ್ಲಿ ನಡೆಸಿ ತೋರಿಸಿ ಬಂದೆ. ಮೂರು ವಾರ ಎಲ್ಲ ಸರಿ ಇತ್ತು. ಒಂದು ಸಂಜೆ ಕಾಕಾ ರೌಟರನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದರು.

"ತಮ್ಮಾ, ಇದು ಸತ್ತದ ನೋಡು. ವೈಫೈ ಹೆಸರೇ ಬರವಲ್ದು."

"ಏನಾತ್ರಿ ಕಾಕಾ? ಯಾರರ ಮುಟ್ಟಿದ್ರೇನು?"

"ಲೈನಿನ ಹುಡುಗ ಬಂದಿದ್ದ. ನೆಟ್ ಸ್ಲೋ ಅದ ಅಂದಿದ್ಕ ಹಿಂದಿನ ರಿಸೆಟ್ ಗುಂಡಿ ಒತ್ತಿ ಹಿಡದ. ಅಷ್ಟೇ. ಆಮ್ಯಾಲ ದೀಪ ಹತ್ತತಾವ, ವೈಫೈ ಇಲ್ಲ."

ರೌಟರ್ ಸತ್ತಿರಲಿಲ್ಲ. ರಿಸೆಟ್ ಮಾಡಿದ ಓಪನ್‌ವರ್ಟ್‌ನಲ್ಲಿ ವೈಫೈ ಆಫ್ ಆಗಿರುತ್ತದೆ. ಅದನ್ನು ಬೇಕಂತಲೇ ಹಾಗೆ ಇಟ್ಟಿದ್ದಾರೆ, ಬೀಗ ಇಲ್ಲದ ವೈಫೈ ಹೊರಗೆ ಹೋಗಬಾರದು ಅಂತ. ಗೊತ್ತಿದ್ದವರು ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ, ಬ್ರೌಸರ್‌ನಲ್ಲಿ ರೌಟರ್‌ನ ವಿಳಾಸ 192.168.1.1 ತೆರೆದು, ಹೊಸ ಪಾಸ್‌ವರ್ಡ್ ಕೊಟ್ಟು, ವೈಫೈ ಆನ್ ಮಾಡುತ್ತಾರೆ. ಎರಡು ನಿಮಿಷದ ಕೆಲಸ. ಆದರೆ ಕಾಕಾ ಮನೆಯಲ್ಲಿ ಲ್ಯಾಪ್‌ಟಾಪೇ ಇಲ್ಲ. ಅವರ ಪಾಲಿಗೆ ಅದು ಸತ್ತ ಡಬ್ಬಿಯೇ. ತಪ್ಪು ಲೈನಿನ ಹುಡುಗನದೂ ಅಲ್ಲ, ಕಾಕಾರದೂ ಅಲ್ಲ. ಯಾರಿಗೆ ಏನು ಮಾರಬೇಕು ಅಂತ ಯೋಚಿಸದೆ ಮಾರಿದ ನನ್ನದು.

ಆವತ್ತಿನಿಂದ ಹಳೆ ರೌಟರ್ ಮಾರುವಾಗ ನಾನು ಮೊದಲು ಕೇಳಿಕೊಳ್ಳುವುದು ಇದೊಂದೇ: ಕೊಂಡವರ ಮನೆಯಲ್ಲಿ ಯಾರೋ ಒಬ್ಬರು ರಿಸೆಟ್ ಒತ್ತಿದರೆ ಮುಂದೇನು? ಒತ್ತುವವರು ಇದ್ದೇ ಇರುತ್ತಾರೆ. ಫರ್ಮ್‌ವೇರ್ ಯಾವುದು ಒಳ್ಳೆಯದು ಅನ್ನುವ ವಾದ ಆಮೇಲಿನದು. ನಿಮ್ಮ ಮುಂದಿರುವ ಒಂದೊಂದು ದಾರಿಯನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಇಲ್ಲಿ ನೋಡಿದ್ದೇನೆ.

ಮಾರಬಹುದಾ, ಮಾರುವಂಥದ್ದಾ

ಬೇರೆ ಫರ್ಮ್‌ವೇರ್ ಹಾಕಿದ ರೌಟರ್ ಮಾರುವುದು ತಪ್ಪಾ ಅಂತ ಕೆಲವರು ಹೆದರುತ್ತಾರೆ. ತಪ್ಪಲ್ಲ. ಇದರ ಕಥೆ ಶುರುವಾಗಿದ್ದು ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಅನ್ನುವ ನೀಲಿ-ಕಪ್ಪು ರೌಟರ್‌ನಿಂದ. 2002ರ ಕೊನೆಗೆ ಅದು ಮಾರುಕಟ್ಟೆಗೆ ಬಂತು. ಒಳಗೆ ಲಿನಕ್ಸ್ ಅನ್ನುವ, ಯಾರು ಬೇಕಾದರೂ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಇದೆ ಅಂತ ಜನ ಪತ್ತೆ ಹಚ್ಚಿದರು. ಲಿನಕ್ಸ್ ಜಿಪಿಎಲ್ ಲೈಸೆನ್ಸ್‌ನಲ್ಲಿ ಬರುವುದರಿಂದ ಕಂಪನಿ 2003ರಲ್ಲಿ ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳನ್ನು, ಹೊರಗೆ ಬಿಡಬೇಕಾಯಿತು. 2004ರಲ್ಲಿ ಅದರ ಮೇಲೆ ಓಪನ್‌ವರ್ಟ್ ಹುಟ್ಟಿತು. ಹೆಸರಿನ ಕೊನೆಯ ಮೂರು ಅಕ್ಷರ ಆ ರೌಟರ್‌ನದೇ. ಈ ಲೈಸೆನ್ಸ್ ಪ್ರಕಾರ ಸಾಫ್ಟ್‌ವೇರ್ ಹಂಚಬಹುದು, ಮಾರಲೂಬಹುದು. ಆದರೆ ಪಡೆದವರಿಗೆ ಸೋರ್ಸ್ ಕೋಡ್ ಸಿಗುವ ದಾರಿ ಇರಬೇಕು. ಓಪನ್‌ವರ್ಟ್‌ನವರೇ ಬಿಟ್ಟ ಫೈಲ್ ಹಾಕಿದ್ದರೆ ಯಾವ ವರ್ಷನ್, ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ಒಂದು ಚೀಟಿ ಬರೆದು ಕೊಡಿ.

ಅದಕ್ಕಿಂತ ಜಾಸ್ತಿ ಜನ ಎಡವುವುದು ಬೇರೆ ಕಡೆ. ಡಬ್ಬಿ ನಿಮ್ಮದೇ ಹೌದಾ? ಫೈಬರ್ ಕನೆಕ್ಷನ್ ಜೊತೆ ಬಂದ ಓಎನ್‌ಟಿ, ಅಂದರೆ ಫೈಬರ್ ವೈರ್ ಬಂದು ಸೇರುವ ಡಬ್ಬಿ, ಎಷ್ಟೋ ಸಲ ಇಂಟರ್‌ನೆಟ್ ಕಂಪನಿಯದ್ದೇ ಇರುತ್ತದೆ. ಡಿಪಾಸಿಟ್ ಮೇಲೆ ಕೊಟ್ಟಿರುತ್ತಾರೆ, ಲೈನ್ ಬಿಡುವಾಗ ವಾಪಸ್ ಕೊಡಬೇಕು. ಅದರ ಸೀರಿಯಲ್ ನಂಬರ್ ಕಂಪನಿಯ ಕಡೆ ದಾಖಲಾಗಿರುತ್ತದೆ, ಇನ್ನೊಬ್ಬರ ಮನೆಯಲ್ಲಿ ಸುಮ್ನೆ ಜೋಡಿಸಿದರೆ ನಡೆಯುವುದಿಲ್ಲ. ಮಾರಲೇಬೇಡಿ. ಹಾಗೇ ಟೆಲಿಫೋನ್ ವೈರಿನ ಕಾಲದ ಎಡಿಎಸ್‌ಎಲ್ ಮೋಡೆಮ್ ರೌಟರ್. ಹಿಂದೆ ಫೋನ್ ವೈರಿನ ಸಣ್ಣ ತೂತು ಇದ್ದು, ಇಂಟರ್‌ನೆಟ್ ಕೇಬಲ್‌ಗೆ ಬೇರೆ ಬಣ್ಣದ ಪೋರ್ಟ್ ಇಲ್ಲ ಅಂದರೆ, ಇವತ್ತಿನ ಫೈಬರ್ ಲೈನ್‌ಗೆ ಅದು ರೌಟರ್ ಆಗಿ ಹೊಂದುವುದು ಕಷ್ಟ. ಕೊಂಡವರು ಮರುದಿನವೇ ವಾಪಸ್ ತರುತ್ತಾರೆ.

ಈಗ ರೌಟರ್ ತಿರುಗಿಸಿ ತಳದ ಚೀಟಿ ನೋಡಿ. ಮಾಡೆಲ್ ಹೆಸರಿನ ಪಕ್ಕ ವರ್ಷನ್ ನಂಬರ್ ಇರುತ್ತದೆ. ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ನಮ್ಮ ಕಡೆ ಮನೆಮನೆಗೂ ಇದ್ದ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ನೋಡಿ. ಒಂಬತ್ತನೇ ವರ್ಷನ್‌ನಲ್ಲಿ 4 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ), 32 ಎಂಬಿ ರ‍್ಯಾಮ್. ಹದಿಮೂರರಲ್ಲಿ 8 ಮತ್ತು 64. ಹದಿನಾಲ್ಕರಲ್ಲಿ ಮತ್ತೆ 4 ಮತ್ತು 32. ಓಪನ್‌ವರ್ಟ್‌ಗೆ ಈಗ ಕನಿಷ್ಠ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಬೇಕು. 4/32ರ ಡಬ್ಬಿಗಳಿಗೆ 19.07 ಸರಣಿಯೇ ಕೊನೆ. ಆ ಸರಣಿಗೂ 2022ರಲ್ಲಿ ಅಪ್‌ಡೇಟ್ ನಿಂತಿತು. ಆದ್ದರಿಂದ "ಓಪನ್‌ವರ್ಟ್ ಇರುವ 841" ಅಂತ ಮಾರಾಟಕ್ಕೆ ಇಟ್ಟರೆ ಅದು ಅರ್ಧ ಸತ್ಯ. ಇಂಥದ್ದನ್ನು ನಾನು ಅಪರಿಚಿತರಿಗೆ ಮಾರುವುದಿಲ್ಲ. ಹೊಸ ಸಾದಾ ರೌಟರೇ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಇದಕ್ಕೆ ಬರುವ ಇನ್ನೂರು ಮುನ್ನೂರಕ್ಕೆ ಇನ್ನೊಬ್ಬರ ಮನೆಯ ಬಾಗಿಲು ಸಡಿಲ ಮಾಡುವುದು ಬೇಡ.

ಮೊದಲ ದಾರಿ: ಕಂಪನಿ ಫರ್ಮ್‌ವೇರ್‌ಗೆ ತಿರುಗಿಸಿ ಮಾರುವುದು

ಕಾಕಾರಂಥವರಿಗೆ ಇದೇ ಸರಿ. ಕಾರಣ ತಳದ ಚೀಟಿ. ಕಂಪನಿ ಫರ್ಮ್‌ವೇರ್ ಇದ್ದಾಗ ರಿಸೆಟ್ ಒತ್ತಿದರೆ ಚೀಟಿಯಲ್ಲಿ ಅಚ್ಚಾದ ವೈಫೈ ಹೆಸರು, ಪಾಸ್‌ವರ್ಡ್ ಹಾಗೇ ವಾಪಸ್ ಬರುತ್ತದೆ. ಲೈನಿನ ಹುಡುಗ ಬಂದರೂ ಆ ಚೀಟಿಯನ್ನೇ ಓದುತ್ತಾನೆ. ಮೊಬೈಲ್ ಆ್ಯಪ್‌ನಲ್ಲಿ ಸೆಟ್ ಮಾಡಬಹುದು. ನೀವು ಊರಲ್ಲಿ ಇಲ್ಲದಿದ್ದರೂ ಅವರ ಕೆಲಸ ನಡೆಯುತ್ತದೆ. ಓಪನ್‌ವರ್ಟ್ ಇದ್ದಾಗ ಅದೇ ಚೀಟಿ ಸುಳ್ಳು ಹೇಳುತ್ತದೆ. ಹೆಸರು ಬೇರೆ, ಪಾಸ್‌ವರ್ಡ್ ಬೇರೆ, ಒಳಗಿನ ವಿಳಾಸವೂ ಬೇರೆ.

ಇನ್ನೊಂದು ತೊಡಕು ನನಗೆ ಕಾಕಾ ಮನೆಯಲ್ಲೇ ಗೊತ್ತಾಯಿತು. ಓಪನ್‌ವರ್ಟ್ ರಿಸೆಟ್ ಆದ ಮೇಲೆ ಅದರ ವಿಳಾಸ 192.168.1.1. ಅವರ ಫೈಬರ್ ಡಬ್ಬಿಯ ವಿಳಾಸವೂ ಅದೇ. ಬಹಳಷ್ಟು ಓಎನ್‌ಟಿಗಳು ಹೀಗೇ ಬರುತ್ತವೆ. ಒಂದೇ ನಂಬರಿನ ಎರಡು ಮನೆ ಇದ್ದ ಹಾಗೆ. ವೈಫೈ ಆನ್ ಮಾಡಿದ ಮೇಲೂ ನೆಟ್ ಬರಲಿಲ್ಲ. ರೌಟರ್ ವಿಳಾಸವನ್ನು 192.168.10.1 ಅಂತ ಬದಲಿಸಿದ ಮೇಲೆ ಬಂತು. ಇದನ್ನೆಲ್ಲ ಒಬ್ಬ ಕಿರಾಣಿ ಅಂಗಡಿಯವರು ಯಾಕೆ ಕಲಿಯಬೇಕು, ಅಲ್ವಾ?

ತಿರುಗಿಸುವ ಕೆಲಸ ಕಂಪನಿಯಿಂದ ಕಂಪನಿಗೆ ಬೇರೆ. ಆ ಆರ್ಚರ್ ಸಿ7ನ್ನು ನಾನು ತಿರುಗಿಸಿದ್ದು ಹೀಗೆ. ಮೊದಲು ಅದೇ ವರ್ಷನ್‌ನ ಫೈಲನ್ನು ಟಿಪಿ-ಲಿಂಕ್ ಸೈಟ್‌ನಿಂದ ಇಳಿಸಿಕೊಂಡೆ. ಲ್ಯಾಪ್‌ಟಾಪ್‌ಗೆ 192.168.0.66 ಅನ್ನುವ ವಿಳಾಸ ಕೈಯಿಂದ ಕೊಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಟಿಎಫ್‌ಟಿಪಿ ಸರ್ವರ್ ಅನ್ನುವ ಫೈಲ್ ಕಳಿಸುವ ಪ್ರೋಗ್ರಾಂ ಓಡಿಸಿ, ಫೈಲಿಗೆ ರೌಟರ್ ಹುಡುಕುವ ಹೆಸರನ್ನೇ ಇಟ್ಟೆ. ಮಾಡೆಲ್ ಹೆಸರು, ವರ್ಷನ್, ಕೊನೆಗೆ 'ಟಿಪಿ ರಿಕವರಿ' ಅಂತ ಬರುವ ಹೆಸರು ಅದು. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಅದು ಫೈಲ್ ತೆಗೆದುಕೊಳ್ಳುವುದಿಲ್ಲ. ಆಮೇಲೆ ರಿಸೆಟ್ ಗುಂಡಿ ಒತ್ತಿ ಹಿಡಿದುಕೊಂಡೇ ರೌಟರ್ ಆನ್ ಮಾಡಿದೆ. ಸರ್ವರ್ ಪರದೆಯಲ್ಲಿ ಫೈಲ್ ಹೋಗುತ್ತಿರುವ ಗೆರೆ ಕಾಣಿಸಿತು. ಗುಂಡಿ ಬಿಟ್ಟು ಕೈಕಟ್ಟಿ ಕೂತೆ. ಕೆಲವು ನಿಮಿಷ ಏನೂ ಆಗುವುದಿಲ್ಲ. ಆಗಲೇ ಗಾಬರಿಯಾಗಿ ಪ್ಲಗ್ ಕೀಳಬಾರದು. ಸ್ವಲ್ಪ ಹೊತ್ತಿಗೆ ತಾನೇ ರಿಸ್ಟಾರ್ಟ್ ಆಗಿ, ಚೀಟಿಯಲ್ಲಿದ್ದ ಹೆಸರಿನ ವೈಫೈ ಮೊಬೈಲ್‌ನಲ್ಲಿ ಕಾಣಿಸಿತು.

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೌಟರ್‌ಗೆ ಇಲ್ಲ. ಫ್ಲ್ಯಾಶ್ ಬರೆಯುವ ನಡುವೆ ಕರೆಂಟ್ ಹೋದರೆ ಡಬ್ಬಿ ಕೈಕೊಡಬಹುದು. ಇನ್ವರ್ಟರ್ ಅಥವಾ ಯುಪಿಎಸ್ ಪ್ಲಗ್‌ನಲ್ಲಿ ಹಾಕಿಕೊಂಡೇ ಈ ಕೆಲಸ ಮಾಡಿ.

ಟಿಪಿ-ಲಿಂಕ್‌ನ ಹಳೆ ಮಾಡೆಲ್‌ಗಳಲ್ಲಿ ಒಂದು ಅಪಾಯ ಇದೆ, ಎಚ್ಚರ. ಕಂಪನಿಯ ಕೆಲವು ಫೈಲ್‌ಗಳ ಹೆಸರಿನಲ್ಲಿ 'ಬೂಟ್' ಅನ್ನುವ ಪದ ಇರುತ್ತದೆ. ಅದರೊಳಗೆ ಬೂಟ್‌ಲೋಡರ್, ಅಂದರೆ ರೌಟರ್ ಆನ್ ಆದಾಗ ಮೊದಲು ಓಡುವ ಸಣ್ಣ ಪ್ರೋಗ್ರಾಂ, ಕೂಡ ಸೇರಿದೆ ಅಂತ ಅರ್ಥ. ಅದನ್ನು ಓಪನ್‌ವರ್ಟ್ ಒಳಗಿಂದ ನೇರ ಬರೆದರೆ ರೌಟರ್ ಏಳುವುದಿಲ್ಲ. ಮೊದಲು ಫೈಲಿನ ಮುಂದಿನ ಭಾಗ ಕತ್ತರಿಸಬೇಕು. 512 ಬೈಟಿನ ತುಂಡುಗಳಲ್ಲಿ ಲೆಕ್ಕ ಹಾಕಿದರೆ 257 ತುಂಡು. ಓಪನ್‌ವರ್ಟ್‌ನ ಪುಟಗಳಲ್ಲಿ ಬಹಳಷ್ಟು ಮಾಡೆಲ್‌ಗಳಿಗೆ ವಾಪಸ್ ಹೋಗುವ ಕ್ರಮ ಬರೆದಿದ್ದಾರೆ. ಅದನ್ನು ಪೂರ್ತಿ ಓದದೆ ಮುಟ್ಟಬೇಡಿ.

ಈ ದಾರಿಗೂ ಒಂದು ಕೊರತೆ ಇದೆ. ಕಂಪನಿಯ ಕೊನೆಯ ಫರ್ಮ್‌ವೇರ್ ಎಷ್ಟು ಹಳೆಯದು ಅನ್ನುವುದು. ನಾನು 2017ರ ಅಕ್ಟೋಬರ್ ಅನ್ನು ಗೆರೆ ಅಂತ ಇಟ್ಟುಕೊಂಡಿದ್ದೇನೆ. ಆ ತಿಂಗಳು ಡಬ್ಲ್ಯುಪಿಎ2 ಅನ್ನುವ ವೈಫೈ ಬೀಗದಲ್ಲಿ 'ಕ್ರ್ಯಾಕ್' ಅನ್ನುವ ದೊಡ್ಡ ಲೋಪ ಹೊರಬಿತ್ತು. ಅದಕ್ಕಿಂತ ಹಿಂದಿನ ಫರ್ಮ್‌ವೇರ್‌ನಲ್ಲೇ ಕಂಪನಿ ನಿಂತುಬಿಟ್ಟಿದ್ದರೆ ಆಮೇಲೆ ಸಿಕ್ಕ ಬೇರೆ ಲೋಪಗಳಿಗೂ ಮದ್ದು ಸಿಕ್ಕಿಲ್ಲ ಅಂತಲೇ ಲೆಕ್ಕ. ಅಂಥ ರೌಟರನ್ನು ಹಳೆ ಫರ್ಮ್‌ವೇರ್‌ಗೆ ತಿರುಗಿಸಿ ಮಾರುವುದು ನನಗೆ ಒಪ್ಪಿಗೆ ಇಲ್ಲ. ಅದನ್ನು ಎರಡನೇ ದಾರಿಯಲ್ಲಿ, ಗೊತ್ತಿರುವವರಿಗೇ ಕೊಡಬೇಕು. ಕಾಕಾರದ್ದು ಐದನೇ ವರ್ಷನ್ ಆದ್ದರಿಂದ ಈ ಗೆರೆ ದಾಟಿದ ಫರ್ಮ್‌ವೇರ್ ಸಿಕ್ಕಿತು.

ಎರಡನೇ ದಾರಿ: ಶುಚಿಯಾದ ಓಪನ್‌ವರ್ಟ್ ಹಾಕಿ ಮಾರುವುದು

ಇದು ಗೊತ್ತಿರುವವರಿಗೆ. ಇಂಜಿನಿಯರಿಂಗ್ ಓದುವವರು, ಮನೆಯಲ್ಲಿ ಕೂತು ಐಟಿ ಕೆಲಸ ಮಾಡುವವರು, ನೆಟ್‌ವರ್ಕ್ ಕಲಿಯಬೇಕು ಅನ್ನುವವರು. ಅವರಿಗೆ ರಿಸೆಟ್ ಅಂದರೆ ಭಯ ಇಲ್ಲ. ವೈಫೈ ಆಫ್ ಆಗಿ ಬರುವುದನ್ನು ಅವರು ತಪ್ಪು ಅಂತ ತಿಳಿಯುವುದಿಲ್ಲ.

ಅವರಿಗೆ ಸಿಗುವುದೂ ಕಡಿಮೆ ಏನಲ್ಲ. ಓಪನ್‌ವರ್ಟ್ ಈಗಲೂ ಅಪ್‌ಡೇಟ್ ಕೊಡುತ್ತಿದೆ. 24.10 ಸರಣಿ ಬಂದಿದ್ದು 2025ರ ಫೆಬ್ರವರಿಯಲ್ಲಿ. ಕಂಪನಿ ಕೈಬಿಟ್ಟ ಡಬ್ಬಿಗೂ ಹೊಸ ಬೀಗ ಸಿಗುತ್ತದೆ. ಮನೆಯಲ್ಲಿ ಒಬ್ಬರು ದೊಡ್ಡ ಫೈಲ್ ಇಳಿಸುತ್ತಿದ್ದರೆ ಇನ್ನೊಬ್ಬರ ವಿಡಿಯೊ ಕಾಲ್ ತಡವರಿಸುತ್ತದೆ, ಅದಕ್ಕೆ ಎಸ್‌ಕ್ಯೂಎಂ ಅನ್ನುವ ಒಳ್ಳೆಯ ಮದ್ದು ಇದೆ. ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಗುಟ್ಟಾದ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಅನ್ನುವ ವಿಪಿಎನ್ ಇದೆ. ಅತಿಥಿಗಳಿಗೆ ಬೇರೆ ವೈಫೈ, ಕ್ಯಾಮರಾಗಳಿಗೆ ಬೇರೆ ನೆಟ್‌ವರ್ಕ್ ಮಾಡಬಹುದು.

ಕಳೆದುಕೊಳ್ಳುವುದನ್ನೂ ಹೇಳಿ ಮಾರಬೇಕು. ಕಂಪನಿ ಫರ್ಮ್‌ವೇರ್‌ನಲ್ಲಿ ವೇಗ ಹೆಚ್ಚಿಸಲು ಚಿಪ್‌ನ ಒಳಗಿನ ಅಡ್ಡದಾರಿ ಬಳಸಿರುತ್ತಾರೆ. ಓಪನ್‌ವರ್ಟ್‌ನಲ್ಲಿ ಎಲ್ಲ ಚಿಪ್‌ಗೂ ಅದು ಸಿಗುವುದಿಲ್ಲ. ಆರ್ಚರ್ ಸಿ7ನಂಥ ಒಂದೇ ಕೋರ್‌ನ ರೌಟರ್ 100 ಎಂಬಿಪಿಎಸ್ ಲೈನ್‌ಗೆ ಆರಾಮಾಗಿ ಸಾಕು. ಲೈನ್ ಅದಕ್ಕಿಂತ ತುಂಬಾ ಜಾಸ್ತಿ ಇದ್ದು, ಎಸ್‌ಕ್ಯೂಎಂ ಕೂಡ ಬೇಕು ಅಂದರೆ ಉಸಿರು ಸಾಲದು. ಕೊಳ್ಳುವವರ ಲೈನ್ ಎಷ್ಟು ಅಂತ ನೀವೇ ಮೊದಲು ಕೇಳಿ. ವಾರಂಟಿ ಉಳಿದಿದ್ದರೂ ಬೇರೆ ಫರ್ಮ್‌ವೇರ್ ಹಾಕಿದ ಮೇಲೆ ಅದನ್ನು ನಂಬಿಕೊಳ್ಳಬೇಡಿ ಅಂತಲೂ ಹೇಳಿ.

ವೈಫೈ ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತ ಇರಲಿ. ಪವರ್ ಜಾಸ್ತಿ ಸಿಗಲಿ ಅಂತ ಕೆಲವರು ಬೇರೆ ದೇಶ ಹಾಕಿಟ್ಟಿರುತ್ತಾರೆ. 2018ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು, ಆದರೆ ಪವರ್ ಮಿತಿ ಇಟ್ಟೇ ಬಿಟ್ಟಿದ್ದು. ನೀವು ಮಾಡಿದ ಆಟ ಕೊಂಡವರ ತಲೆ ಮೇಲೆ ಬರಬಾರದು.

ಮೂರನೇ ದಾರಿ: ನೀವೇ ಕಟ್ಟಿದ ಇಮೇಜ್ (ಫರ್ಮ್‌ವೇರ್ ಫೈಲ್) ಹಾಕಿ ಕೊಡುವುದು

ಓಪನ್‌ವರ್ಟ್‌ನವರ ಇಮೇಜ್ ಬಿಲ್ಡರ್ ಬಳಸಿ, ರಿಸೆಟ್ ಆದ ಮೇಲೂ ವೈಫೈ ಆನ್ ಆಗಿಯೇ ಬರುವ ಹಾಗೆ ಫರ್ಮ್‌ವೇರ್ ಕಟ್ಟಬಹುದು. ಹೆಸರು, ಪಾಸ್‌ವರ್ಡ್, ವಿಳಾಸ ಎಲ್ಲವನ್ನೂ ಮೊದಲೇ ಇಮೇಜ್ ಒಳಗೆ ಹಾಕಿ, ಹೊಸ ಚೀಟಿ ಅಂಟಿಸುವುದು. ಬೀದರ್‌ನಲ್ಲಿರುವ ತಂಗಿ ಮನೆಗೆ ನಾನು ಹೀಗೇ ಮಾಡಿ ಕೊಟ್ಟಿದ್ದೇನೆ. ಅಲ್ಲಿ ರಿಸೆಟ್ ಎಷ್ಟು ಸಲ ಆಗಿದೆಯೋ, ನನಗೆ ಒಂದು ಫೋನೂ ಬಂದಿಲ್ಲ.

ಆದರೆ ಅದು ತಂಗಿ ಮನೆ. ಅಪರಿಚಿತರಿಗೆ ಇದನ್ನು ಮಾರಬೇಡಿ ಅಂತಲೇ ನಾನು ಹೇಳುತ್ತೇನೆ. ಕೊಂಡವರಿಗೆ ನೀವು ಒಳಗೆ ಏನು ಹಾಕಿದ್ದೀರಿ ಅಂತ ನೋಡುವ ದಾರಿ ಇಲ್ಲ. ನೀವು ಪ್ರಾಮಾಣಿಕರೇ ಇರಬಹುದು, ಅವರಿಗೆ ಅದು ಹೇಗೆ ಗೊತ್ತಾಗಬೇಕು? ರೌಟರ್ ಅಂದರೆ ಮನೆಯ ಎಲ್ಲ ಮಾತೂ ಹಾದುಹೋಗುವ ಬಾಗಿಲು. ಮುಂದಿನ ಅಪ್‌ಡೇಟ್ ಹಾಕುವವರೂ ನೀವೇ ಆಗಬೇಕಾಗುತ್ತದೆ. ಅದು ಮಾರಾಟ ಅಲ್ಲ, ಜೀವನಪೂರ್ತಿ ಸರ್ವಿಸ್.

ಬೇರೆ ಫರ್ಮ್‌ವೇರ್ ಇದ್ದರೆ

ಆಸುಸ್ ರೌಟರ್‌ನಲ್ಲಿ ಮರ್ಲಿನ್ ಹಾಕಿದ್ದರೆ ತಲೆನೋವು ಕಡಿಮೆ. ಅದು ಕಂಪನಿ ಫರ್ಮ್‌ವೇರ್‌ಗೆ ತುಂಬಾ ಹತ್ತಿರ. ರಿಸೆಟ್ ಆದರೆ ಆಸುಸ್‌ನದೇ ಸೆಟಪ್ ಪುಟ ಬರುತ್ತದೆ, ಬೇಡ ಅಂದರೆ ಅದೇ ಪುಟದಿಂದ ಕಂಪನಿಯ ಫೈಲ್ ಹಾಕಿ ವಾಪಸ್ ಹೋಗಬಹುದು. ಡಿಡಿ-ಡಬ್ಲ್ಯುಆರ್‌ಟಿ ವಿಷಯ ಬೇರೆ. ರಿಸೆಟ್ ಆದಾಗ ಅದು ತನ್ನ ಹೆಸರಿನಲ್ಲೇ, ಬೀಗ ಇಲ್ಲದ ವೈಫೈ ಹೊರಗೆ ಬಿಡುತ್ತದೆ. ಮೊಬೈಲ್‌ನಲ್ಲಿ ಕಾಣುತ್ತದೆ ಅನ್ನುವುದು ಒಳ್ಳೆಯದು, ಪಕ್ಕದ ಮನೆಯವರಿಗೂ ತೆರೆದೇ ಇರುತ್ತದೆ ಅನ್ನುವುದು ಕೆಟ್ಟದ್ದು. ಸಾಮಾನ್ಯರಿಗೆ ಮಾರುವುದಾದರೆ ಇದನ್ನು ತಿರುಗಿಸಿಯೇ ಮಾರಿ. ನೆಟ್‌ಗಿಯರ್ ಆರ್7000ನಂಥ ಬ್ರಾಡ್‌ಕಾಮ್ ಚಿಪ್‌ನ ರೌಟರ್‌ಗಳಿಗೆ ಓಪನ್‌ವರ್ಟ್‌ನಲ್ಲಿ ವೈಫೈ ಸರಿಯಾಗಿ ಸಿಗುವುದಿಲ್ಲ. ಅವುಗಳಲ್ಲಿ ಫ್ರೆಶ್‌ಟೊಮ್ಯಾಟೊ ಅಥವಾ ಡಿಡಿ-ಡಬ್ಲ್ಯುಆರ್‌ಟಿ ಇರುತ್ತದೆ. ಅದರ ರುಚಿ ಗೊತ್ತಿರುವವರು ಸಿಕ್ಕರೆ ಹಾಗೇ ಕೊಡಿ.

ಒಳಗೆ ನಿಮ್ಮದೇನು ಉಳಿದಿದೆ

ಯಾವ ದಾರಿ ಹಿಡಿದರೂ ಇದನ್ನು ಬಿಡುವ ಹಾಗಿಲ್ಲ. ಓಪನ್‌ವರ್ಟ್ ನಿಮ್ಮ ವೈಫೈ ಪಾಸ್‌ವರ್ಡನ್ನು ಒಂದು ಸಾದಾ ಫೈಲಿನಲ್ಲಿ, ಓದಲು ಬರುವ ಅಕ್ಷರದಲ್ಲೇ ಬರೆದಿಟ್ಟಿರುತ್ತದೆ. ಇಂಟರ್‌ನೆಟ್ ಲೈನಿನ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಹಾಗೇ. ವೈರ್‌ಗಾರ್ಡ್ ಕೀ ಇರಬಹುದು. ಆಫೀಸಿನ ವಿಪಿಎನ್ ಇದ್ದರೆ ಇನ್ನೂ ಕಷ್ಟ.

ರಿಸೆಟ್ ಒತ್ತಿದರೆ ಇವೆಲ್ಲ ಹೋಗುತ್ತವಾ? ನೀವು ಆಮೇಲೆ ಬರೆದದ್ದು ಹೋಗುತ್ತದೆ. ಓಪನ್‌ವರ್ಟ್‌ನಲ್ಲಿ ಎರಡು ಪದರ ಇವೆ. ಕೆಳಗಿನದು ಇಮೇಜ್ ಜೊತೆ ಬಂದದ್ದು, ಅದು ಬದಲಾಗುವುದಿಲ್ಲ. ಮೇಲಿನದು ನೀವು ಬರೆದದ್ದು. ರಿಸೆಟ್ ಮೇಲಿನ ಪದರವನ್ನು ಮಾತ್ರ ತೆಗೆಯುತ್ತದೆ. ಮೂರನೇ ದಾರಿಯಂತೆ ನೀವೇ ಇಮೇಜ್ ಕಟ್ಟಿ, ಅದರೊಳಗೆ ನಿಮ್ಮ ಎಸ್‌ಎಸ್‌ಎಚ್ ಕೀ (ರೌಟರ್ ಒಳಗೆ ಹೋಗುವ ಕೀಲಿ), ಪಾಸ್‌ವರ್ಡ್ ಸೇರಿಸಿದ್ದರೆ, ಅದು ಕೆಳಗಿನ ಪದರದಲ್ಲಿ ಕೂತಿದೆ. ಸಾವಿರ ಸಲ ರಿಸೆಟ್ ಮಾಡಿದರೂ ವಾಪಸ್ ಬರುತ್ತದೆ.

ಹಾಗಾಗಿ ರಿಸೆಟ್‌ನಲ್ಲಿ ನಿಲ್ಲಿಸಬೇಡಿ. ಓಪನ್‌ವರ್ಟ್ ಸೈಟ್‌ನಿಂದ ನಿಮ್ಮ ಮಾಡೆಲ್, ನಿಮ್ಮ ವರ್ಷನ್‌ನ ಹೊಸ ಫೈಲ್ ಇಳಿಸಿ. ಅದರ ಪಕ್ಕದಲ್ಲೇ ಎಸ್‌ಎಚ್‌ಎ256 ಅನ್ನುವ ಉದ್ದದ ಸಾಲು ಕೊಟ್ಟಿರುತ್ತಾರೆ. ಇಳಿಸಿದ ಫೈಲಿನ ಸಾಲು ಅದಕ್ಕೆ ತಾಳೆ ಆಗಬೇಕು. ಹಾಕುವಾಗ 'ಸೆಟ್ಟಿಂಗ್ಸ್ ಉಳಿಸು' ಅನ್ನುವ ಟಿಕ್ ತೆಗೆದು ಹಾಕಿ. ಆ ಟಿಕ್ ತೆಗೆಯಲು ಮರೆತರೆ ಹೊಸ ಫರ್ಮ್‌ವೇರ್ ಮೇಲೆ ನಿಮ್ಮ ಹಳೆ ಪಾಸ್‌ವರ್ಡ್‌ಗಳೇ ಮತ್ತೆ ಬಂದು ಕೂರುತ್ತವೆ. ವೈರ್‌ಗಾರ್ಡ್ ಇದ್ದರೆ ಇನ್ನೊಂದು ತುದಿಯಲ್ಲೂ ಆ ಕೀ ತೆಗೆದುಬಿಡಿ. ಕಂಪನಿ ಫರ್ಮ್‌ವೇರ್‌ಗೆ ತಿರುಗಿಸಿದವರು ಆ್ಯಪ್‌ನ ಖಾತೆಯಿಂದ ರೌಟರನ್ನು ಬಿಡಿಸಬೇಕು. ಇಲ್ಲದಿದ್ದರೆ ಕೊಂಡವರು ತಮ್ಮ ಖಾತೆಗೆ ಸೇರಿಸಲು ಹೋದಾಗ ತೊಂದರೆ ಆಗಬಹುದು.

ಎಲ್ಲಿ, ಯಾರಿಗೆ

ಸೂಪರ್ ಮಾರ್ಕೆಟ್ ಕಡೆಯ ಕಂಪ್ಯೂಟರ್ ಅಂಗಡಿಗೆ ಒಯ್ದರೆ ಕೆಲಸ ಬೇಗ ಮುಗಿಯುತ್ತದೆ, ದುಡ್ಡು ಕಡಿಮೆ. ಅಂಗಡಿಯವರು ಆನ್ ಮಾಡಿ ದೀಪ ನೋಡುತ್ತಾರೆ, ಮೊಬೈಲ್‌ನಲ್ಲಿ ವೈಫೈ ಹೆಸರು ಹುಡುಕುತ್ತಾರೆ. ಓಪನ್‌ವರ್ಟ್ ಅಂದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಅವರ ಕಡೆಯಿಂದ ಯೋಚಿಸಿದರೆ ಸರಿಯೇ, ನಾಳೆ ಅವರ ಹತ್ತಿರ ಕೊಳ್ಳುವವರು ಕಾಕಾರಂಥವರೇ. ಅಂಗಡಿಗೆ ಕೊಡುವುದಾದರೆ ತಿರುಗಿಸಿಯೇ ಒಯ್ಯಿರಿ.

ಓಪನ್‌ವರ್ಟ್‌ಗೆ ಬೆಲೆ ಸಿಗುವುದು ಕಾಲೇಜು ಹುಡುಗ ಹುಡುಗಿಯರ ಹತ್ತಿರ. ಹಾಸ್ಟೆಲ್, ಪಿಜಿಗಳ ಗುಂಪುಗಳಲ್ಲಿ ಒಂದು ಫೋಟೋ ಹಾಕಿದರೆ ಸಾಕು. ಫೋಟೋದಲ್ಲಿ ತಳದ ಚೀಟಿಯ ವರ್ಷನ್ ನಂಬರ್ ಕಾಣಲಿ. ಸೀರಿಯಲ್ ನಂಬರ್, ಮ್ಯಾಕ್ ವಿಳಾಸ, ಪಾಸ್‌ವರ್ಡ್ ಮೇಲೆ ಬೆರಳಿಟ್ಟು ಫೋಟೋ ತೆಗೆಯಿರಿ. ಆನ್‌ಲೈನ್ ಮಾರಾಟದಲ್ಲಿ ಜಾಸ್ತಿ ಜನ ನೋಡುತ್ತಾರೆ, ಜೊತೆಗೆ ಜಾಸ್ತಿ ಜನ ಸುಮ್ನೆ ಕೇಳುತ್ತಾರೆ. ದುಡ್ಡು ಕೊಡಲು ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುವವರನ್ನು ಅಲ್ಲೇ ಬಿಡಿ. ದುಡ್ಡು ಪಡೆಯಲು ಪಿನ್ ಬೇಕಾಗುವುದಿಲ್ಲ.

ಬೆಲೆಗೆ ನಾನು ಇಟ್ಟುಕೊಂಡ ಲೆಕ್ಕ ಇಷ್ಟು. ಅದೇ ಮಾಡೆಲ್, ಅಥವಾ ಅದಕ್ಕೆ ಸಮನಾದದ್ದು ಇವತ್ತು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ನೋಡಿ. ಎಷ್ಟೇ ಚೆನ್ನಾಗಿದ್ದರೂ ಅದರ ಅರ್ಧಕ್ಕಿಂತ ಜಾಸ್ತಿ ಕೇಳುವುದಿಲ್ಲ. ನಾಲ್ಕು ಬೇಸಿಗೆ ಕಂಡ ಡಬ್ಬಿಗೆ ಕಾಲು ಭಾಗ ಸಿಕ್ಕರೂ ಸಂತೋಷ. ಓಪನ್‌ವರ್ಟ್ ಪುಕ್ಕಟೆ ಸಿಗುವುದು, ಅದಕ್ಕೆ ಬೆಲೆ ಹಚ್ಚುವುದು ಸರಿ ಅಲ್ಲ. ಕೂತು ಹಾಕಿದ ಕೆಲಸಕ್ಕೆ ಬೇಕಾದರೆ ನೂರಿನ್ನೂರು ಸೇರಿಸಿ.

ಬೇಸಿಗೆ ಅಂದೆ. ಅದು ನಮ್ಮ ಕಡೆಯ ನಿಜವಾದ ಪರೀಕ್ಷೆ. ಮನೆ ರೌಟರ್‌ಗಳ ವಿವರ ಪತ್ರದಲ್ಲಿ ಸಾಮಾನ್ಯವಾಗಿ 0ಯಿಂದ 40 ಡಿಗ್ರಿವರೆಗೆ ಬಳಸಿ ಅಂತ ಇರುತ್ತದೆ. ಕಲಬುರಗಿಯ ಮೇ ತಿಂಗಳು ಅದನ್ನು ದಾಟುತ್ತದೆ. ತಗಡಿನ ಕೆಳಗೋ, ಬಿಸಿಲು ಬೀಳುವ ಗೋಡೆಗೋ ಇದ್ದ ರೌಟರ್ ಮೊದಲು ಅಡಾಪ್ಟರ್‌ನಲ್ಲಿ ಸೋಲುತ್ತದೆ. ದೀಪ ಹತ್ತುತ್ತದೆ, ಆದರೆ ನಾಲ್ಕು ಮೊಬೈಲ್ ಸೇರಿದ ಕೂಡಲೇ ತಾನೇ ರಿಸ್ಟಾರ್ಟ್ ಆಗುತ್ತದೆ. ಮಾರುವ ಮೊದಲು ಒಂದು ದಿನ ಪೂರ್ತಿ, ಮಧ್ಯಾಹ್ನವೂ ಸೇರಿ, ವಿಡಿಯೊ ಹಚ್ಚಿ ಓಡಿಸಿ. ಓಪನ್‌ವರ್ಟ್‌ನ ಮೊದಲ ಪುಟದಲ್ಲೇ ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಅಂತ ತೋರಿಸುತ್ತದೆ. ಅಡಾಪ್ಟರ್ ಜೊತೆಗೇ ಬಂದದ್ದಾ, ಬದಲಿದ್ದಾ ಅಂತ ಹೇಳಿ. ವೋಲ್ಟ್ ಎಷ್ಟು ಅಂತ ಬರೆದು ಕೊಡಿ. ಕರೆಂಟ್ ಹೋದಾಗ ಓಡಲಿ ಅಂತ ಜನ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟುಕೊಂಡಿರುತ್ತಾರೆ. 9 ವೋಲ್ಟಿನ ರೌಟರ್‌ಗೆ ಅದನ್ನು ಚುಚ್ಚಿದರೆ ಕಥೆ ಮುಗಿಯಿತು.

ಕೊಳ್ಳುವವರ ಮನೆ ಗೋಡೆ ಯಾವುದು ಅಂತಲೂ ಕೇಳುತ್ತೇನೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹಳೆ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ಅಂಥ ಒಂದು ಗೋಡೆ ದಾಟುವಷ್ಟರಲ್ಲೇ ಸೊರಗುತ್ತದೆ, 2.4 ಸ್ವಲ್ಪ ಮುಂದೆ ಹೋಗುತ್ತದೆ. ಅಂಥ ಮನೆಗೆ ಒಂದು ದೊಡ್ಡ ರೌಟರ್‌ಗಿಂತ ಕೇಬಲ್ ಎಳೆದು ಹಿಂದಿನ ಕೋಣೆಯಲ್ಲಿ ಇನ್ನೊಂದು ಹಳೆ ರೌಟರ್ ಇಡುವುದೇ ಲೇಸು. ಮುಂದಿನ ರೌಟರೇ ಎಲ್ಲ ನೋಡಿಕೊಳ್ಳುತ್ತದೆ, ಹಿಂದಿನದು ಬರೀ ವೈಫೈ ಕೊಡುತ್ತದೆ. ಹಳೆ ಡಬ್ಬಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ, ಕೆಲವು ಸಲ ಮಾರುವುದಕ್ಕಿಂತ ನಿಮ್ಮ ಮನೆಯಲ್ಲೇ ಹೀಗೆ ಇಟ್ಟುಕೊಳ್ಳುವುದು ಲಾಭ.

ಯಾವುದಕ್ಕೂ ಬಾರದ್ದನ್ನು ಗುಜರಿಗೆ ಹಾಕಬೇಡಿ. ಅಲ್ಲಿ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಆ ಹೊಗೆ ನಮ್ಮ ಓಣಿಗೇ ಬರುತ್ತದೆ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಹಳೆಯ ಸಾಮಾನು ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಿಸಿದ ಕಂಪನಿಗಳ ಮೇಲೂ ಇದೆ. ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ.

ಕಳೆದ ದಸರಾ ರಜೆಯಲ್ಲಿ ಇನ್ನೊಂದು ಆರ್ಚರ್ ಮಾರಿದೆ. ಈ ಸಲ ಓಪನ್‌ವರ್ಟ್ ಸಮೇತ. ಕೊಳ್ಳಲು ಬಂದವಳು ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗಿ, ಜೊತೆಗೆ ಅವಳ ಅಣ್ಣ. ದುಡ್ಡಿನ ಮಾತಿಗೆ ಮೊದಲು ರೌಟರ್, ಕೇಬಲ್, ಒಂದು ಪಿನ್ ಅವಳ ಮುಂದೆ ಇಟ್ಟೆ. "ರಿಸೆಟ್ ಮಾಡಿ, ನೆಟ್ ಹಚ್ಚಿ ತೋರಿಸಮ್ಮಾ" ಅಂದೆ. ಅವಳ ಅಣ್ಣ ಮುಖ ನೋಡಿದ. ಅವಳು ಒತ್ತಿದಳು. ವೈಫೈ ಹೋಯಿತು. ತನ್ನ ಲ್ಯಾಪ್‌ಟಾಪ್ ತೆಗೆದು ಕೇಬಲ್ ಹಾಕಿ, ಪುಟ ತೆರೆದು, ಪಾಸ್‌ವರ್ಡ್ ಕೊಟ್ಟು, ದೇಶ ಭಾರತ ಅಂತ ಆರಿಸಿ, ವೈಫೈ ಆನ್ ಮಾಡಿದಳು. ಆಮೇಲೆ ಕೇಳಿದಳು, "ಅಂಕಲ್, ಮನಿಗಿ ಹೋಗಿ ನಾನು ಮತ್ತೊಮ್ಮೆ ಹೊಸ ಫೈಲ್ ಹಾಕ್ಲಿ? ಬ್ಯಾಸರ ಮಾಡ್ಕೋಬ್ಯಾಡ್ರಿ."

"ಹಾಕಲೇಬೇಕಮ್ಮಾ" ಅಂದೆ. ಯಾವ ವರ್ಷನ್, ಫೈಲ್ ಎಲ್ಲಿ ಸಿಗುತ್ತದೆ, ಕೆಟ್ಟರೆ ವಾಪಸ್ ತರುವ ಕ್ರಮ ಏನು, ಅಡಾಪ್ಟರ್ 12 ವೋಲ್ಟ್, ಎಲ್ಲ ಬರೆದ ಚೀಟಿಯನ್ನು ರೌಟರ್ ತಳಕ್ಕೆ, ಕಂಪನಿಯ ಚೀಟಿ ಪಕ್ಕದಲ್ಲೇ ಟೇಪ್ ಹಚ್ಚಿ ಅಂಟಿಸಿ ಕೊಟ್ಟೆ.